ಕೀಟಗಳ ಜೀನ್ ನಿಯಂತ್ರಕ ಪ್ರೋಟೀನುಗಳು: ಪ್ರಾಜೆಕ್ಟಿಗೆ ಯಾವ ಡೊಮೈನ್ ಆರಿಸಿಕೊಳ್ಳಬೇಕು?

ವಿಟ್ಲದ ಕಡೆಯ ವಿದ್ಯಾರ್ಥಿನಿಯೊಬ್ಬಳು ಒಂದು ಜನವರಿಯಲ್ಲಿ ಉಪ್ಪಿನಕಾಯಿ ಬಾಟಲಿಯೊಳಗೆ ಕುರುವಾಯಿ ದುಂಬಿಯೊಂದನ್ನು ಹಾಕಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. ತೆಂಗಿನ ಸುಳಿಯನ್ನು ಕೊರೆದು ತಿನ್ನುವ, ತಲೆಯ ಮೇಲೆ ಕೊಂಬಿರುವ ಅದೇ ಕಪ್ಪು ದುಂಬಿ. “ಮೇಡಂ, ಈ ಕೊಂಬನ್ನು ಬೆಳೆಸುವ ಜೀನ್ ಯಾವುದು? ನನ್ನ ಪ್ರಾಜೆಕ್ಟ್ ಅದರ ಮೇಲೆಯೇ ಆಗಬೇಕು” ಎಂದಳು. ಅವಳ ಮನೆಯ ತೋಟದಲ್ಲಿ ಆ ವರ್ಷ ಎಳೆಯ ತೆಂಗಿನ ಸಸಿಗಳು ಸಾಲಾಗಿ ಸತ್ತಿದ್ದವು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನ್ನ ಬಳಿಗೆ ತಂದವರು ಕಡಿಮೆ. ಆದರೂ ಬೇಡ ಎಂದೆ. ಯಾಕೆ ಬೇಡ ಎಂದೆ, ಬದಲಿಗೆ ಏನು ಸೂಚಿಸಿದೆ ಎನ್ನುವುದೇ ಈ ಬರಹದ ವಿಷಯ.

ಮಂಗಳೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾ ಎಂ.ಎಸ್ಸಿ. ಪ್ರಾಜೆಕ್ಟುಗಳನ್ನು ನೋಡಿಕೊಳ್ಳುತ್ತಿದ್ದೇನೆ. ಇಲ್ಲಿಂದ ಉಡುಪಿಯವರೆಗಿನ ಹೆಚ್ಚಿನ ಕಾಲೇಜುಗಳ ಸ್ಥಿತಿ ಒಂದೇ ರೀತಿಯದು. ಕೈಯಲ್ಲಿರುವುದು ಫೆಬ್ರವರಿಯಿಂದ ಜೂನ್ ತನಕದ ಐದು ತಿಂಗಳು, ಡಿಎನ್‌ಎಯ ನಕಲು ತೆಗೆಯುವ ಒಂದು ಪಿಸಿಆರ್ ಯಂತ್ರ, ಡಿಎನ್‌ಎ, ಪ್ರೋಟೀನುಗಳನ್ನು ಬೇರ್ಪಡಿಸುವ ಜೆಲ್ ಓಡಿಸುವ ತೊಟ್ಟಿ, ಕಂಪ್ಯೂಟರ್, ಜೊತೆಗೆ ಏಪ್ರಿಲ್‌ನ ಸೆಕೆ. ಇಷ್ಟರೊಳಗೆ ಮುಗಿಯುವಂತಹದ್ದನ್ನೇ ಆರಿಸಬೇಕು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಪಠ್ಯಪುಸ್ತಕದಲ್ಲಿ ಅತಿ ಹೆಚ್ಚು ಪುಟ ಪಡೆದ ಜೀನನ್ನು ಆರಿಸುತ್ತಾರೆ. ಅದು ತಪ್ಪು ದಾರಿ. ಆರಿಸಬೇಕಾದದ್ದು ಜೀನನ್ನಲ್ಲ, ಡೊಮೈನನ್ನು.

ಡೊಮೈನ್ ಎಂದರೆ ಏನು

ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದರೆ ಡಿಎನ್‌ಎಯ ನಿರ್ದಿಷ್ಟ ಜಾಗವನ್ನು ಹಿಡಿದು, ಹತ್ತಿರದ ಜೀನನ್ನು ನಡೆಸುವ ಅಥವಾ ತಡೆಯುವ ಪ್ರೋಟೀನ್. ಅದರ ಉದ್ದ ಹಲವು ನೂರು ಅಮೈನೊ ಆಮ್ಲಗಳಷ್ಟಿರಬಹುದು (ಪ್ರೋಟೀನೆಂಬ ಸರದ ಮಣಿಗಳು ಇವು), ಆದರೆ ಮೈಪೂರ್ತಿ ಅದು ಗಟ್ಟಿಯಾದ ಆಕಾರದಲ್ಲಿ ಇರುವುದಿಲ್ಲ. ಬಹುಭಾಗ ಸಡಿಲವಾದ ದಾರದಂತೆ ಅಲೆದಾಡುತ್ತಿರುತ್ತದೆ. ನಡುನಡುವೆ ಕೆಲವು ತುಂಡುಗಳು ಮಾತ್ರ ತಾವಾಗಿಯೇ ಮಡಚಿಕೊಂಡು ಖಚಿತ ಆಕಾರ ಪಡೆಯುತ್ತವೆ. ಆ ತುಂಡೇ ಡೊಮೈನ್. ಪ್ರೋಟೀನಿನಿಂದ ಅದನ್ನಷ್ಟೇ ಕತ್ತರಿಸಿ ತೆಗೆದು ಬ್ಯಾಕ್ಟೀರಿಯಾದಲ್ಲಿ ತಯಾರಿಸಿದರೂ ಸಾಮಾನ್ಯವಾಗಿ ಅದೇ ಆಕಾರಕ್ಕೆ ಮಡಚಿಕೊಳ್ಳುತ್ತದೆ. ಸಣ್ಣ ಪ್ರಯೋಗಾಲಯಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಕೆಲಸದ ದೃಷ್ಟಿಯಿಂದ ಡೊಮೈನುಗಳನ್ನು ಮೂರು ಬಗೆಯಾಗಿ ನೋಡಿ ಎಂದು ನಾನು ಹೇಳುತ್ತೇನೆ. ಡಿಎನ್‌ಎಯನ್ನು ಹಿಡಿಯುವಂಥವು ಕೆಲವು. ಇನ್ನೊಂದು ಪ್ರೋಟೀನಿನೊಂದಿಗೆ ಜೋಡಿಯಾಗುವಂಥವು ಕೆಲವು. ಹಾರ್ಮೋನಿನಂತಹ ಸುದ್ದಿಯನ್ನು ಕೇಳಿಸಿಕೊಳ್ಳುವಂಥವು ಮತ್ತೆ ಕೆಲವು. ಹಿಡಿತ, ಜೋಡಿ, ಕಿವಿ. ನಿಮ್ಮ ಪ್ರಶ್ನೆ ಈ ಮೂರರಲ್ಲಿ ಯಾವುದರ ಬಗ್ಗೆ ಎಂದು ತಿಳಿದರೆ ಅರ್ಧ ಆಯ್ಕೆ ಮುಗಿದಂತೆಯೇ.

ಹೋಮಿಯೊಡೊಮೈನ್: ಜೆಲ್ ಓಡಿಸುವವರಿಗೆ

1984ರಲ್ಲಿ ಬಾಸೆಲ್‌ನ ವಾಲ್ಟರ್ ಗೆಹ್ರಿಂಗ್ ಅವರ ಪ್ರಯೋಗಾಲಯವೂ ಅಮೆರಿಕದ ಇಂಡಿಯಾನಾದ ಇನ್ನೊಂದು ತಂಡವೂ ಹಣ್ಣುನೊಣದ ದೇಹದ ಖಂಡಗಳನ್ನು ರೂಪಿಸುವ ಜೀನುಗಳಲ್ಲಿ 180 ಡಿಎನ್‌ಎ ಅಕ್ಷರಗಳ ಒಂದು ಸಮಾನ ತುಣುಕನ್ನು ಬೇರೆಬೇರೆಯಾಗಿ ಗುರುತಿಸಿದವು. ಅದು ತಯಾರಿಸುವ 60 ಅಮೈನೊ ಆಮ್ಲಗಳ ಭಾಗವೇ ಹೋಮಿಯೊಡೊಮೈನ್. ಇದರಲ್ಲಿ ಮೂರು ಸುರುಳಿಗಳಿವೆ. ಮೂರನೆಯ ಸುರುಳಿ ಡಿಎನ್‌ಎಯ ದೊಡ್ಡ ತೋಡಿನೊಳಗೆ ಮಲಗಿಕೊಂಡು ಅಕ್ಷರಗಳನ್ನು ಓದುತ್ತದೆ. ಮುಂಭಾಗದ ಸಣ್ಣ ಬಾಲ ಕಿರಿದಾದ ತೋಡಿಗೆ ತೂರಿಕೊಳ್ಳುತ್ತದೆ. ಹೆಚ್ಚಿನವು ಹಿಡಿಯುವ ತಿರುಳು ಟಿಎಎಟಿ ಎಂಬ ನಾಲ್ಕಕ್ಷರ.

ಈ ಕುಟುಂಬವನ್ನು ನಾನು ಮೆಚ್ಚುವುದು 50ನೆಯ ಸ್ಥಾನಕ್ಕಾಗಿ. ಹಣ್ಣುನೊಣದ ಆಂಟೆನಾಪೀಡಿಯಾ ಎಂಬ ಪ್ರೋಟೀನಿನಲ್ಲಿ ಅಲ್ಲಿ ಗ್ಲುಟಮಿನ್ ಎಂಬ ಅಮೈನೊ ಆಮ್ಲ ಇದೆ, ಬೈಕಾಯ್ಡ್ ಎಂಬ ಇನ್ನೊಂದರಲ್ಲಿ ಲೈಸಿನ್. ಆ ಒಂದು ಅಮೈನೊ ಆಮ್ಲವನ್ನು ಬದಲಿಸಿದರೆ ಪ್ರೋಟೀನು ಇಷ್ಟಪಡುವ ಡಿಎನ್‌ಎ ಜಾಗವೇ ಬದಲಾಗುತ್ತದೆ ಎಂದು 1989ರಲ್ಲೇ ಪ್ರಯೋಗಗಳು ತೋರಿಸಿದ್ದವು. ಅರುವತ್ತರಲ್ಲಿ ಒಂದು! ಇದನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ಕೈಯಾರೆ ಮಾಡಿ ನೋಡಬಹುದು. ಎರಡು ಪ್ರೈಮರುಗಳಿಂದ (ಪಿಸಿಆರ್ ನಕಲನ್ನು ಶುರುಮಾಡುವ ಡಿಎನ್‌ಎಯ ಸಣ್ಣ ತುಂಡುಗಳು) ಆ ಒಂದು ಸ್ಥಾನವನ್ನು ಬದಲಿಸಿ, ಎರಡೂ ರೂಪಗಳನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಪ್ರತಿದೀಪ್ತಿ ಬಣ್ಣ ಹಚ್ಚಿದ ಡಿಎನ್‌ಎ ತುಂಡುಗಳೊಂದಿಗೆ ಬೆರೆಸಿ ಜೆಲ್ ಮೇಲೆ ಓಡಿಸಿದರೆ ಯಾವುದು ಯಾವುದನ್ನು ಹಿಡಿಯಿತು ಎಂದು ಕಣ್ಣಿಗೇ ಕಾಣುತ್ತದೆ. ವಿಕಿರಣಶೀಲ ವಸ್ತು ಬೇಕಾಗಿಲ್ಲ. ಡೊಮೈನ್ ಚಿಕ್ಕದು, ನೀರಿನಲ್ಲಿ ಕರಗುತ್ತದೆ, ಮೊಂಡು ಹಿಡಿಯುವುದಿಲ್ಲ. ಒಂದು ಎಚ್ಚರಿಕೆ: ಅದರ ತೂಕ ಸುಮಾರು 7 ಕಿಲೊಡಾಲ್ಟನ್ ಮಾತ್ರ. ಮಾಮೂಲಿ 12 ಶೇಕಡಾ ಜೆಲ್‌ನಲ್ಲಿ ಅದು ತಳದಿಂದಲೇ ಜಾರಿಹೋಗುತ್ತದೆ, ಆಗ ಪ್ರೋಟೀನು ಬಂದೇ ಇಲ್ಲ ಎಂದು ಹುಡುಗರು ಕಂಗಾಲಾಗುತ್ತಾರೆ. ಜಿಎಸ್‌ಟಿ ಎಂಬ ಪ್ರೋಟೀನಿನಂತಹ ದೊಡ್ಡ ಬಾಲವನ್ನು ಅಂಟಿಸಿಕೊಂಡೇ ಕೆಲಸ ಮಾಡಿ.

ಆದರೆ ಇದರ ಮಿತಿಯನ್ನೂ ಹೇಳಬೇಕು. ದೇಹದ ಖಂಡಗಳನ್ನು ರೂಪಿಸುವ ಹೋಮಿಯೊಡೊಮೈನ್ ಪ್ರೋಟೀನುಗಳಾದ ಹಾಕ್ಸ್ ಪ್ರೋಟೀನುಗಳ ಹಿಡಿತ ಒಂದೊಂದೇ ಇರುವಾಗ ಬಹುತೇಕ ಒಂದೇ ತರಹ. ಅವುಗಳಿಗೆ ನಿಖರತೆ ಬರುವುದು ಎಕ್ಸ್‌ಟ್ರಾಡೆಂಟಿಕಲ್ ಎಂಬ ಜೊತೆಗಾರನಿಂದ. ಹೋಮಿಯೊಡೊಮೈನಿಗಿಂತ ಸ್ವಲ್ಪ ಮುಂದೆ ವೈಪಿಡಬ್ಲ್ಯುಎಂ ಎಂಬ ನಾಲ್ಕು ಅಮೈನೊ ಆಮ್ಲಗಳ ಗುರುತಿದೆ. ಜೊತೆಗಾರ ಹಿಡಿದುಕೊಳ್ಳುವ ಕೊಕ್ಕೆ ಅದು. ಇನ್ನೊಂದು ಪ್ರೋಟೀನ್, ಅಲ್ಟ್ರಾಬೈಥೊರಾಕ್ಸ್, ಕೀಟಗಳ ಹೊಟ್ಟೆಯ ಮೇಲೆ ಕಾಲು ಬೆಳೆಯದಂತೆ ತಡೆಯುತ್ತದೆ. ಆ ತಡೆಯುವ ಶಕ್ತಿಗೆ ಹೋಮಿಯೊಡೊಮೈನಿನ ಆಚೆಗಿನ ಬಾಲದ ತುದಿಯೂ ಕಾರಣ ಎಂದು 2002ರಲ್ಲಿ ಗೊತ್ತಾಯಿತು. ಹಾಗಾಗಿ “ಕೀಟದ ದೇಹ ಹೇಗೆ ರೂಪುಗೊಳ್ಳುತ್ತದೆ” ಎಂಬ ಪ್ರಶ್ನೆಗೆ ಹೋಮಿಯೊಡೊಮೈನ್ ಒಂದರಿಂದಲೇ ಉತ್ತರ ಸಿಗುವುದಿಲ್ಲ. “ಡಿಎನ್‌ಎಯ ಅಕ್ಷರವನ್ನು ಪ್ರೋಟೀನ್ ಹೇಗೆ ಓದುತ್ತದೆ” ಎಂಬ ಪ್ರಶ್ನೆಗಾದರೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಗೊತ್ತಿಲ್ಲ.

ಜಿಂಕ್ ಫಿಂಗರ್: ಸುಲಭವೆಂದು ಕಾಣುವ ಕಷ್ಟ

ಕ್ರುಪೆಲ್, ಹಂಚ್‌ಬ್ಯಾಕ್, ಬ್ರಾಡ್ ಇವೆಲ್ಲ ಈ ಗುಂಪಿನವು. ಸುಮಾರು 30 ಅಮೈನೊ ಆಮ್ಲಗಳ ಒಂದೊಂದು ಬೆರಳು. ಎರಡು ಸಿಸ್ಟೀನ್, ಎರಡು ಹಿಸ್ಟಿಡೀನ್ ಸೇರಿ ಒಂದು ಸತುವಿನ ಅಯಾನನ್ನು ನಡುವೆ ಹಿಡಿದಿಡುತ್ತವೆ. ಒಂದು ಬೆರಳು ಸುಮಾರು ಮೂರು ಡಿಎನ್‌ಎ ಅಕ್ಷರಗಳನ್ನು ಓದುತ್ತದೆ. ಹೂವಿನ ಮಾಲೆ ಕಟ್ಟಿದಂತೆ ಒಂದರ ಪಕ್ಕ ಒಂದು ಬೆರಳನ್ನು ಪೋಣಿಸಿದರೆ ಉದ್ದದ ಜಾಗವನ್ನೂ ಗುರುತಿಸಬಹುದು. ಕಾಗದದ ಮೇಲೆ ಎಷ್ಟು ಸರಳ! ಅದಕ್ಕೇ ವಿದ್ಯಾರ್ಥಿಗಳು ಇದಕ್ಕೆ ಬೇಗ ಮರುಳಾಗುತ್ತಾರೆ.

ಎಲ್ಲ ಬೆರಳುಗಳೂ ಡಿಎನ್‌ಎ ಹಿಡಿಯುವುದಿಲ್ಲ ಎನ್ನುವುದು ಮೊದಲ ತೊಡಕು. ಹಂಚ್‌ಬ್ಯಾಕ್‌ನಲ್ಲಿ ಆರು ಬೆರಳುಗಳಿದ್ದು, ಪ್ರೋಟೀನಿನ ನಡುಭಾಗದ ನಾಲ್ಕು ಡಿಎನ್‌ಎಗೆ, ಕೊನೆಯ ಎರಡು ತನ್ನಂತಹದೇ ಇನ್ನೊಂದು ಪ್ರೋಟೀನನ್ನು ಹಿಡಿಯಲು. ಎರಡನೆಯ ತೊಡಕು ನಮ್ಮ ಪ್ರಯೋಗಾಲಯದಲ್ಲೇ ಆದದ್ದು. ಒಬ್ಬ ವಿದ್ಯಾರ್ಥಿ ಬಹಳ ಶುದ್ಧವಾದ ಪ್ರೋಟೀನ್ ತಯಾರಿಸಿದ್ದ, ಆದರೂ ಮೂರು ವಾರ ಕಳೆದರೂ ಅದು ಡಿಎನ್‌ಎಯನ್ನು ಹಿಡಿಯಲಿಲ್ಲ. ಕಾರಣ ಇಡಿಟಿಎ ಎಂಬ ರಾಸಾಯನಿಕ. ಜೆಲ್ ಓಡಿಸುವ ಟಿಬಿಇ ದ್ರಾವಣದಲ್ಲಿ ಇಡಿಟಿಎ ಇದ್ದೇ ಇರುತ್ತದೆ. ಅದು ಸತುವನ್ನು ಕಿತ್ತುಕೊಳ್ಳುತ್ತದೆ, ಸತು ಹೋದ ಕೂಡಲೇ ಬೆರಳು ಮಡಚಿಕೊಳ್ಳದೆ ಸಡಿಲವಾಗುತ್ತದೆ. ಟ್ರಿಸ್-ಗ್ಲೈಸಿನ್ ದ್ರಾವಣಕ್ಕೆ ಬದಲಿಸಿ, ಚಿಟಿಕೆಯಷ್ಟು ಸತುವಿನ ಲವಣ ಸೇರಿಸಿದ ಮರುದಿನವೇ ಜೆಲ್‌ನಲ್ಲಿ ಡಿಎನ್‌ಎಯ ಪಟ್ಟಿ ಮೇಲಕ್ಕೆ ಸರಿಯಿತು, ಅಂದರೆ ಪ್ರೋಟೀನು ಅದನ್ನು ಹಿಡಿದಿತ್ತು. ಪಾಠಪುಸ್ತಕದಲ್ಲಿ ನಾನೇ ಅವನಿಗೆ ಕಲಿಸಿದ್ದ ಸಂಗತಿಯನ್ನು ದ್ರಾವಣದ ಬಾಟಲಿಯಲ್ಲಿ ನೋಡಲು ನನಗೂ ಅಷ್ಟು ದಿನ ಬೇಕಾಯಿತು.

ಕಂಪ್ಯೂಟರ್ ಕೆಲಸಕ್ಕಾದರೆ ಬ್ರಾಡ್ ಒಳ್ಳೆಯದು. ಅದರ ಮುಂಭಾಗದಲ್ಲಿ ಬಿಟಿಬಿ ಎಂಬ ಜೋಡಿ ಕಟ್ಟುವ ಡೊಮೈನ್ ಇದೆ. ಆ ಹೆಸರಿನ ಮೊದಲ ಅಕ್ಷರವೇ ಬ್ರಾಡ್‌ನಿಂದ ಬಂದದ್ದು. ಹಿಂಭಾಗದಲ್ಲಿ ಒಂದು ಜೊತೆ ಬೆರಳುಗಳು. ಒಂದೇ ಜೀನಿನ ನಕಲನ್ನು ಬೇರೆಬೇರೆ ರೀತಿ ಕತ್ತರಿಸಿ ಜೋಡಿಸುವುದರಿಂದ ಬಿಟಿಬಿ ಹಾಗೇ ಇದ್ದು ಬೆರಳುಗಳ ಜೊತೆ ಮಾತ್ರ ಬದಲಾಗುತ್ತದೆ. ಹಿಡಿಕೆ ಒಂದೇ, ಅಲಗು ಬೇರೆಬೇರೆ.

ಎಕ್ಡೈಸೋನ್ ಗ್ರಾಹಕ: ಪೊರೆ ಕಳಚುವ ಸುದ್ದಿ ಕೇಳುವ ಕಿವಿ

ಹುಳ ಪೊರೆ ಕಳಚುವುದು, ಕೋಶ (ಪ್ಯೂಪಾ) ಆಗುವುದು ಎಲ್ಲ ಎಕ್ಡೈಸೋನ್ ಹಾರ್ಮೋನಿನ ಅಪ್ಪಣೆಯಂತೆ. ಆ ಅಪ್ಪಣೆಯನ್ನು ಕೇಳುವ ಪ್ರೋಟೀನ್ ಇಸಿಆರ್. ಇದರ ಜೀನನ್ನು 1991ರಲ್ಲಿ ಹಣ್ಣುನೊಣದಲ್ಲಿ ಪ್ರತ್ಯೇಕಿಸಿದರು. ಅದು ಒಂಟಿಯಾಗಿ ಕೆಲಸ ಮಾಡದು. ಯುಎಸ್‌ಪಿ ಎಂಬ ಜೊತೆಗಾರ ಬೇಕು. ನಾನು ಹೇಳಿದ ಮೂರೂ ಕೆಲಸಗಳು, ಹಿಡಿತ, ಜೋಡಿ, ಕಿವಿ, ಒಂದೇ ಪ್ರೋಟೀನಿನಲ್ಲಿ ಸಾಲಾಗಿ ಕಾಣಸಿಗುವುದು ಇಲ್ಲಿ. ನಡುವಿನಲ್ಲಿ ಎರಡು ಸತುವಿನ ಅಯಾನುಗಳಿರುವ ಡಿಎನ್‌ಎ ಹಿಡಿಯುವ ಭಾಗ, ಆಮೇಲೆ ಬಾಗಿಲ ತಿರುಗಣಿಯಂತಹ ಸಡಿಲ ಭಾಗ, ಅದರಾಚೆ ಸುಮಾರು ಹನ್ನೆರಡು ಸುರುಳಿಗಳ ಹಾರ್ಮೋನು ಹಿಡಿಯುವ ಭಾಗ. ಹಾರ್ಮೋನು ಕುಳಿಯೊಳಗೆ ಕೂತಾಗ ಕೊನೆಯ ಸುರುಳಿ ಮುಚ್ಚಳದಂತೆ ಮುಚ್ಚಿಕೊಂಡು ಸಹಾಯಕ ಪ್ರೋಟೀನುಗಳಿಗೆ ಜಾಗ ಮಾಡಿಕೊಡುತ್ತದೆ.

ನಮ್ಮ ಕರಾವಳಿಯ ತೆಂಗಿಗೆ ಎರಡು ದೊಡ್ಡ ಶತ್ರುಗಳು. ಒಂದು, ಎಲೆ ಕೆರೆದು ತಿನ್ನುವ ಕಪ್ಪುತಲೆ ಹುಳು, ಅದು ಪತಂಗದ ಮರಿ. ಇನ್ನೊಂದು ಕುರುವಾಯಿ ದುಂಬಿ. ಎರಡೂ ಎಕ್ಡೈಸೋನನ್ನೇ ಕೇಳುತ್ತವೆ. ಆದರೆ ಟೆಬುಫೆನೊಝೈಡ್ ಎಂಬ ಕೀಟನಾಶಕ ಅದೇ ಕಿವಿಗೆ ಸುಳ್ಳು ಅಪ್ಪಣೆ ಕೊಟ್ಟು ಪತಂಗದ ಮರಿಗಳನ್ನು ಅಕಾಲದಲ್ಲಿ ಪೊರೆ ಕಳಚಿಸಿ ಕೊಲ್ಲುತ್ತದೆ, ದುಂಬಿಗಳಿಗೆ ಮಾತ್ರ ಅಷ್ಟಾಗಿ ತಾಗುವುದಿಲ್ಲ. ಒಂದೇ ಹಾರ್ಮೋನು, ಒಂದೇ ಕುಟುಂಬದ ಗ್ರಾಹಕ, ಆದರೂ ಹೀಗೇಕೆ? ಉತ್ತರ ಇರುವುದು ಆ ಕುಳಿಯ ಗೋಡೆಯಲ್ಲಿ. ಪತಂಗಗಳಲ್ಲಿ ವ್ಯಾಲಿನ್ ಇರುವ ಒಂದು ಸ್ಥಾನದಲ್ಲಿ ಇತರ ಹಲವು ಕೀಟಗಳಿಗೆ ಮೆಥಿಯೊನಿನ್ ಇದೆ. 2003ರಲ್ಲಿ ಹೀಲಿಯೋಥಿಸ್ ಪತಂಗದ ಇಸಿಆರ್‌ನ ರಚನೆ ಪ್ರಕಟವಾದಾಗ ಇನ್ನೂ ಅಚ್ಚರಿಯ ಸಂಗತಿ ಕಂಡಿತು. ನಿಜವಾದ ಹಾರ್ಮೋನಿನಂತಹ ಅಣು ಕೂತಾಗಿನ ಕುಳಿಗೂ ಈ ಬಗೆಯ ಕೀಟನಾಶಕ ಕೂತಾಗಿನ ಕುಳಿಗೂ ಆಕಾರವೇ ಬೇರೆ. ಬಂದ ಅತಿಥಿಗೆ ತಕ್ಕಂತೆ ಕೋಣೆಯೇ ತನ್ನ ಗೋಡೆಗಳನ್ನು ಸರಿಸಿಕೊಂಡಿತ್ತು.

ಕಂಪ್ಯೂಟರ್ ಮಾತ್ರ ಇರುವವರಿಗೆ ಇದೇ ನನ್ನ ಮೊದಲ ಶಿಫಾರಸು. ಪತಂಗ, ಬಿಳಿನೊಣ, ಹಿಟ್ಟಿನ ಕೆಂಪು ದುಂಬಿ ಈ ಮೂರರ ಪ್ರಯೋಗಸಿದ್ಧ ರಚನೆಗಳು ಉಚಿತವಾಗಿ ಸಿಗುತ್ತವೆ. ಕುಳಿಯನ್ನು ಸುತ್ತುವರಿದ ಅಮೈನೊ ಆಮ್ಲಗಳನ್ನು ಸಾಲಾಗಿ ಜೋಡಿಸಿ ಹೋಲಿಸಿದರೆ ಪ್ರಶ್ನೆಯೂ ಉತ್ತರವೂ ತೋಟದ ಮಣ್ಣಿಗೆ ಹತ್ತಿರ ಬರುತ್ತವೆ. ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಂ ಇದೆಯಲ್ಲ ಎಂದು ಕೇಳುವವರಿದ್ದಾರೆ. ಅದರ ಉಚಿತ ಡೇಟಾಬೇಸಿನಲ್ಲಿ ಸಿಗುವ ಮಾದರಿಯಲ್ಲಿ ಹಾರ್ಮೋನು ಕೂತಿರುವುದಿಲ್ಲ. ಗೋಡೆ ಸರಿಸಿಕೊಳ್ಳುವ ಇಂತಹ ಕುಳಿಯ ವಿಷಯದಲ್ಲಿ ನಿಜವಾದ ಹರಳಿನ ರಚನೆಯನ್ನೇ ನಂಬಿ. ಸಡಿಲ ಭಾಗಗಳಿಗೆ ಅದು ಕಡಿಮೆ ವಿಶ್ವಾಸದ ಅಂಕ ಕೊಟ್ಟು ಬಣ್ಣದಲ್ಲಿ ತೋರಿಸುತ್ತದೆ. ಆ ಬಣ್ಣವನ್ನು ಗಮನಿಸದೆ, ಸಡಿಲ ದಾರಕ್ಕೂ ರಚನೆ ಇದೆ ಎಂದು ವರದಿ ಬರೆಯಬೇಡಿ.

ಜೆಲ್ ಕೆಲಸಕ್ಕೆ ಮಾತ್ರ ಇಸಿಆರ್ ಬೇಡ. ಹಾರ್ಮೋನು ಹಿಡಿಯುವ ಭಾಗ ಒಂಟಿಯಾಗಿ ಬ್ಯಾಕ್ಟೀರಿಯಾದಲ್ಲಿ ಗಟ್ಟಿ ಮುದ್ದೆಯಾಗುತ್ತದೆ. ಯುಎಸ್‌ಪಿಯನ್ನೂ ಜೊತೆಯಲ್ಲೇ ತಯಾರಿಸಬೇಕಾಗುತ್ತದೆ, ಐದು ತಿಂಗಳು ಅದಕ್ಕೇ ಹೋಗುತ್ತದೆ.

ಮೆಟ್: ಹುಳ ಸಾಕುವ ಧೈರ್ಯ ಇದ್ದವರಿಗೆ

ಎಕ್ಡೈಸೋನ್ “ಪೊರೆ ಕಳಚು” ಎನ್ನುತ್ತದೆ. ಜುವೆನೈಲ್ ಹಾರ್ಮೋನ್ “ಆದರೆ ಮರಿಯಾಗಿಯೇ ಇರು” ಎನ್ನುತ್ತದೆ. ಈ ಎರಡನೆಯ ಹಾರ್ಮೋನಿನ ಗ್ರಾಹಕ ಯಾವುದು ಎಂಬ ಪ್ರಶ್ನೆ ದಶಕಗಳ ಕಾಲ ಬಿಡಿಸದ ಗಂಟಾಗಿತ್ತು. ಮೆಟ್ ಎಂಬ ಪ್ರೋಟೀನಿನ ಪಾಸ್-ಬಿ ಡೊಮೈನ್ ಅದನ್ನು ನೇರವಾಗಿ ಹಿಡಿಯುತ್ತದೆ ಎಂದು 2011ರಲ್ಲಿ ಹಿಟ್ಟಿನ ಕೆಂಪು ದುಂಬಿಯ ಪ್ರೋಟೀನಿನಿಂದ ತೋರಿಸಿದರು. ಮೆಟ್‌ನಲ್ಲಿ ಡಿಎನ್‌ಎ ಹಿಡಿಯುವ ಬಿಎಚ್‌ಎಲ್‌ಎಚ್ ಭಾಗ ಮೊದಲು, ನಂತರ ಪಾಸ್-ಎ, ಪಾಸ್-ಬಿ. ಕೀಟಗಳ ದಿನಚರಿ ನಡೆಸುವ ಕ್ಲಾಕ್, ಸೈಕಲ್ ಪ್ರೋಟೀನುಗಳೂ ಇದೇ ಮನೆತನದವು.

ಹಣ್ಣುನೊಣದಲ್ಲಿ ಮೆಟ್‌ಗೆ ಜಿಸಿಇ ಎಂಬ ಜೋಡಿ ನಕಲಿದೆ. ಒಂದನ್ನು ತೆಗೆದರೆ ಇನ್ನೊಂದು ಅದರ ಕೆಲಸ ನೋಡಿಕೊಳ್ಳುತ್ತದೆ. ದುಂಬಿಯಲ್ಲಿ ಒಂದೇ ಇದೆ. ಅದರ ಲಾರ್ವಾಕ್ಕೆ ಮೆಟ್ ಜೀನಿಗೆ ಹೊಂದುವ ಎರಡೆಳೆ ಆರ್‌ಎನ್‌ಎಯನ್ನು ಸೂಜಿಯಿಂದ ಕೊಟ್ಟರೆ ಆ ಜೀನು ಮೌನವಾಗುತ್ತದೆ, ಮರಿಹುಳ ಕಾಲಕ್ಕೆ ಮುಂಚೆಯೇ ಕೋಶವಾಗಲು ಹೊರಡುತ್ತದೆ. ಬ್ರಾಡ್ ಜೀನನ್ನು ಮೌನಗೊಳಿಸಿದರೆ ಕೋಶದ ಹಂತವೇ ಕೆಟ್ಟು, ಲಾರ್ವಾ, ಕೋಶ, ಪ್ರೌಢ ಎಲ್ಲ ಲಕ್ಷಣಗಳೂ ಬೆರೆತ ಹುಳ ಸಿಗುತ್ತದೆ. ಸೂಕ್ಷ್ಮದರ್ಶಕದ ಕೆಳಗೆ ಅಂತಹ ಹುಳವನ್ನು ನೋಡಿದವರು ಅದನ್ನು ಮರೆಯುವುದಿಲ್ಲ. ಆದರೆ ಒಂದು ಮಾತು ನೆನಪಿರಲಿ. ಈ ಪ್ರಯೋಗದಲ್ಲಿ ಇಡೀ ಪ್ರೋಟೀನು ಹೋಗುತ್ತದೆ, ಡೊಮೈನ್ ಒಂದೇ ಅಲ್ಲ. “ಪಾಸ್-ಬಿ ಇಲ್ಲದೆ ಹೀಗಾಯಿತು” ಎಂದು ಬರೆಯುವಂತಿಲ್ಲ.

ನಮ್ಮ ಹವೆಗೆ ಯಾವ ಕೀಟ ಎನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಣ್ಣುನೊಣಕ್ಕೆ 25 ಡಿಗ್ರಿ ಬೇಕು. 30 ದಾಟಿದರೆ ಗಂಡು ನೊಣಗಳು ಬಂಜೆಯಾಗುತ್ತವೆ. ಮೇ ತಿಂಗಳ ಗಾಳಿಮಳೆಗೆ ಒಂದು ರಾತ್ರಿ ಕರೆಂಟು ಹೋದರೆ ನಾಲ್ಕು ತಿಂಗಳ ಸಂತಾನವೇ ಕೈಬಿಟ್ಟುಹೋಗಬಹುದು. ಹಿಟ್ಟಿನ ದುಂಬಿ 30 ಡಿಗ್ರಿಯಲ್ಲೇ ಸುಖವಾಗಿರುತ್ತದೆ, ಗೋಧಿ ಹಿಟ್ಟಿಗೆ 5 ಶೇಕಡಾ ಯೀಸ್ಟ್ ಬೆರೆಸಿದರೆ ಸಾಕು, ಸುಮಾರು ಒಂದು ತಿಂಗಳಲ್ಲಿ ಮೊಟ್ಟೆ ಪ್ರೌಢ ದುಂಬಿಯಾಗುತ್ತದೆ. 2008ರಿಂದಲೇ ಅದರ ಜೀನೋಮ್ ಎಲ್ಲರಿಗೂ ಲಭ್ಯವಿದೆ. ಮಳೆ ಹಿಡಿದ ಮೇಲೆ ಹಿಟ್ಟಿಗೆ ಬೂಸ್ಟು ಬರುತ್ತದೆ. ಹಿಟ್ಟನ್ನು ಓವನ್‌ನಲ್ಲಿ 60 ಡಿಗ್ರಿಯಲ್ಲಿ ಒಣಗಿಸಿ, ಸಣ್ಣ ಸಣ್ಣ ಡಬ್ಬಗಳಲ್ಲಿ ಹಂಚಿಡಿ. ಪ್ರೈಮರು, ಕಿಣ್ವಗಳನ್ನು ಮೇ ಮುಗಿಯುವುದರೊಳಗೆ ತರಿಸಿಕೊಳ್ಳಿ. ಒಂದು ವರ್ಷ ಪ್ರಾಜೆಕ್ಟ್ ಜುಲೈಗೆ ಸರಿದಿತ್ತು. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಬೆಂಗಳೂರಿನಿಂದ ಬರಬೇಕಿದ್ದ ಐಸ್ ಪೆಟ್ಟಿಗೆ ಮೂರು ದಿನ ದಾರಿಯಲ್ಲೇ ಉಳಿಯಿತು. ತಲಪಿದಾಗ ಒಳಗಿದ್ದದ್ದು ಬೆಚ್ಚಗಿನ ನೀರು.

ಸೊಳ್ಳೆಯ ರೆಲ್

ಮಲೇರಿಯಾದ ಊರು ಎಂಬ ಹೆಸರು ಮಂಗಳೂರಿಗೆ ಅಂಟಿಕೊಂಡದ್ದರಿಂದ ಸೊಳ್ಳೆಯ ಮೇಲೆ ಕೆಲಸ ಮಾಡುವ ಆಸೆ ಸಹಜ. ಇಲ್ಲಿನ ಟೆರೇಸ್ ಟ್ಯಾಂಕು, ಕಟ್ಟಡದ ನೀರಿನ ತೊಟ್ಟಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿಯಲ್ಲಿ ರೆಲ್2 ಎಂಬ ಪ್ರೋಟೀನ್ ರೋಗನಿರೋಧಕ ಜೀನುಗಳನ್ನು ಎಬ್ಬಿಸುತ್ತದೆ. ಅದನ್ನು ಹೆಚ್ಚು ತಯಾರಿಸುವ ಸೊಳ್ಳೆಗಳು ಮಲೇರಿಯಾ ಪರೋಪಜೀವಿಯನ್ನು ಉತ್ತಮವಾಗಿ ತಡೆದವು ಎಂದು 2011ರಲ್ಲಿ ವರದಿಯಾಯಿತು. ರೆಲ್ ಡೊಮೈನ್ ದೊಡ್ಡದು, ಸುಮಾರು 300 ಅಮೈನೊ ಆಮ್ಲ. ಅದರ ಹಿಂದೆ ಆಂಕೈರಿನ್ ಎಂಬ ಪುನರಾವರ್ತನೆಗಳ ಬೀಗ. ಬೀಗ ಮುರಿದಾಗಲೇ ಪ್ರೋಟೀನ್ ಕೋಶಕೇಂದ್ರಕ್ಕೆ ಹೋಗುವುದು. ಓದಲು ಬಹಳ ಸೊಗಸಾದ ವಿಷಯ. ಆದರೆ ಸೋಂಕು ತಗುಲಿದ ಸೊಳ್ಳೆಗಳನ್ನು ಇಟ್ಟುಕೊಳ್ಳುವ ಭದ್ರವಾದ ಕೋಣೆ ಇಲ್ಲದ ಕಾಲೇಜಿನಲ್ಲಿ ಪರೋಪಜೀವಿಯ ಪ್ರಯೋಗ ಮಾಡಲೇಬಾರದು. ಅನುಕ್ರಮ ಹೋಲಿಕೆಗಷ್ಟೇ ಸೀಮಿತವಾಗಿರಿ.

ಮತ್ತೆ ಆ ಕೊಂಬು

ಉಪ್ಪಿನಕಾಯಿ ಬಾಟಲಿಯ ಪ್ರಶ್ನೆಗೆ ಉತ್ತರದ ಸುಳಿವು ಡಬಲ್‌ಸೆಕ್ಸ್ ಎಂಬ ಪ್ರೋಟೀನಿನಲ್ಲಿದೆ. ಅದರ ಡಿಎಂ ಡೊಮೈನ್‌ನಲ್ಲಿ ಎರಡು ಸತುವಿನ ಜಾಗಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಇದು ಹಿಡಿಯುವುದು ಡಿಎನ್‌ಎಯ ಕಿರಿದಾದ ತೋಡನ್ನು. ಗಂಡಿಗೂ ಹೆಣ್ಣಿಗೂ ಡಿಎಂ ಡೊಮೈನ್ ಒಂದೇ, ಬಾಲ ಮಾತ್ರ ಬೇರೆ. ಅಂದರೆ ಇಬ್ಬರೂ ಒಂದೇ ಕೈಯಿಂದ ಹಿಡಿದು, ಬೇರೆಬೇರೆ ಆಜ್ಞೆ ಕೊಡುತ್ತಾರೆ. ಜಪಾನಿನ ಖಡ್ಗಮೃಗ ದುಂಬಿಯಲ್ಲಿ ಕೊಂಬಿನ ಬೆಳವಣಿಗೆ ಈ ಜೀನಿನ ಹತೋಟಿಯಲ್ಲಿದೆ ಎಂದು ಈಗಾಗಲೇ ತೋರಿಸಿದ್ದಾರೆ. ನಮ್ಮ ಕುರುವಾಯಿಯಲ್ಲಿ ಗಂಡು, ಹೆಣ್ಣು ಎರಡಕ್ಕೂ ಕೊಂಬಿದೆ, ಗಂಡಿನದು ಉದ್ದ. ಆದ್ದರಿಂದ ಅವಳ ಪ್ರಶ್ನೆ ಇನ್ನಷ್ಟು ಕುತೂಹಲದ್ದು.

ಬೇಡ ಎಂದದ್ದು ಕಾಲದ ಲೆಕ್ಕದಿಂದ. ಹಟ್ಟಿಗೊಬ್ಬರದ ಗುಂಡಿಯಲ್ಲಿ ಕುರುವಾಯಿಯ ಮರಿಹುಳ ತಿಂಗಳುಗಟ್ಟಲೆ ಬೆಳೆಯುತ್ತದೆ. ಜೂನ್‌ನಲ್ಲಿ ವರದಿ ಕೊಡಬೇಕಾದವಳು ಅದರ ಕೊಂಬಿಗಾಗಿ ಕಾದು ಕೂರುವಂತಿಲ್ಲ. ನಾನು ಹೇಳಿದ್ದು ಇಷ್ಟು: ಈ ಐದು ತಿಂಗಳು ಹಿಟ್ಟಿನ ದುಂಬಿಯಲ್ಲಿ ಮೆಟ್ ಜೀನಿನ ಕೆಲಸ ಮಾಡು, ಸೂಜಿ ಹಿಡಿಯಲು ಕಲಿ. ಭಾನುವಾರಗಳಲ್ಲಿ ಮನೆಗೆ ಹೋದಾಗ ಗೊಬ್ಬರದ ಗುಂಡಿಯಿಂದ ಬೇರೆಬೇರೆ ಗಾತ್ರದ ಮರಿಹುಳಗಳನ್ನೂ ಕೋಶಗಳನ್ನೂ ತೆಗೆದು ಆರ್‌ಎನ್‌ಎ ಕೆಡದ ದ್ರಾವಣದಲ್ಲಿ ಮುಳುಗಿಸಿ, ತಾರೀಕು ಬರೆದಿಟ್ಟುಕೋ.

ಮೊದಲ ಎರಡು ವಾರ ಅವಳು ಚುಚ್ಚಿದ ಲಾರ್ವಾಗಳೆಲ್ಲ ಸತ್ತವು. ಮಾರ್ಚ್ ಕೊನೆಗೆ ಹತ್ತರಲ್ಲಿ ಏಳು ಬದುಕತೊಡಗಿದವು. ಮೇ ತಿಂಗಳಲ್ಲಿ ಕಾಲಕ್ಕೆ ಮುಂಚೆ ಕೋಶವಾಗಲು ಹೊರಟ ಪುಟ್ಟ ಹುಳವೊಂದನ್ನು ತೋರಿಸಲು ನನ್ನನ್ನು ತರಗತಿಯ ನಡುವಿನಿಂದಲೇ ಕರೆದೊಯ್ದಳು. ಕುರುವಾಯಿಯ ಮೂವತ್ತೊಂದು ಟ್ಯೂಬುಗಳು ಈಗಲೂ ನಮ್ಮ ಫ್ರೀಜರಿನ ಕೆಳಗಿನ ಅರೆಯಲ್ಲಿವೆ, ಪ್ರತಿಯೊಂದರ ಮೇಲೂ ಅವಳ ಕೈಬರಹದಲ್ಲಿ ತಾರೀಕು, ಮರಿಹುಳದ ತೂಕ, ಗುಂಡಿಯ ಹೆಸರು. ಡಬಲ್‌ಸೆಕ್ಸ್‌ನ ಬಾಲವನ್ನು ಓದಲು ಪ್ರೈಮರುಗಳನ್ನು ಅವಳೇ ರೂಪಿಸಿಟ್ಟು ಹೋಗಿದ್ದಾಳೆ. ಇನ್ನೊಂದು ಜನವರಿಯಲ್ಲಿ ಯಾರಾದರೂ ಅದೇ ಪ್ರಶ್ನೆ ಹಿಡಿದು ಬಂದರೆ, ಈ ಸಲ ಹೂಂ ಎನ್ನಬಹುದು.